ಇಳಕಲ್ ಸೀರೆ ಅಂಗಡಿಗೊಂದು ವೆಬ್‌ಸೈಟ್: ಮೂರು ವರ್ಷ ಬಳಸಿದ ಮೇಲೆ

ನಮ್ಮದು ಇಳಕಲ್ಲಿನಲ್ಲಿ ಅಪ್ಪನ ಕಾಲದ ಸೀರೆ ಅಂಗಡಿ. ಕೈಮಗ್ಗದ ಸೀರೆ, ಜೊತೆಗೆ ರವಿಕೆಗೆ ಗುಳೇದಗುಡ್ಡದ ಖಣದ ಬಟ್ಟೆ, ಸರಕು ಇಷ್ಟೇ. ವೆಬ್‌ಸೈಟ್ ಮಾಡಿಸಿದ್ದು 2022ರ ಯುಗಾದಿಗೆ. “ವಾಟ್ಸ್‌ಆ್ಯಪ್ ಇರುವಾಗ ಇದೊಂದು ಯಾಕಪ್ಪಾ?” ಎಂದು ಅಪ್ಪ ಕೇಳಿದ್ದರು. ಮೊದಲ ವರ್ಷವೆಲ್ಲ ನನ್ನಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ಈ ವಿಚಾರ ತಲೆಗೆ ಹೊಕ್ಕದ್ದು 2021ರ ಅಕ್ಟೋಬರ್ 4ರ ರಾತ್ರಿ. ನವರಾತ್ರಿಗೆ ಮೂರೇ ದಿನ ಬಾಕಿ. ಒಂಬತ್ತು ದಾಟುತ್ತಿದ್ದಂತೆ ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸ್‌ಆ್ಯಪ್ ಮೂರೂ ಜಗತ್ತಿನಾದ್ಯಂತ ಒಮ್ಮೆಲೇ ನಿಂತು, ಆರು ತಾಸಿನಷ್ಟು ಹೊತ್ತು ಏಳಲಿಲ್ಲ. ಅಂಗಡಿ ಮುಚ್ಚಿಯಾಗಿತ್ತು, ನಮಗೆ ನಷ್ಟವೇನೂ ಆಗಲಿಲ್ಲ. ಆದರೆ ಪರವೂರಿನ ಗಿರಾಕಿಗೆ ನಮ್ಮ ಅಂಗಡಿಯ ಮೂರು ಬಾಗಿಲಿವೆ ಎಂದುಕೊಂಡಿದ್ದೆನಲ್ಲ, ಮೂರೂ ಒಂದೇ ಕಂಪನಿಯವು, ಮೂರಕ್ಕೂ ಬೀಗದ ಕೈ ಒಂದೇ ಎಂಬುದು ಅಂದು ತಿಳಿಯಿತು.

ಮಾಡಿಸುವಾಗ ದೊಡ್ಡ ಆಸೆಯಿಂದ ಆರಿಸಿದ ಸೀರೆ ಹಾಕಿಕೊಳ್ಳುವ ಬುಟ್ಟಿ (ಕಾರ್ಟ್), ಹಣ ಪಾವತಿಯ ಗುಂಡಿ ಎಲ್ಲವನ್ನೂ ಹಾಕಿಸಿದೆ. ವರ್ಷವಿಡೀ ಆ ದಾರಿಯಲ್ಲಿ ಮಾರಾಟವಾದದ್ದು ಏಳು ಸೀರೆ. ಈಗ ಯೋಚಿಸಿದರೆ ಅದು ಸಹಜವೇ. ರೇಷ್ಮೆ ಹಾಸಿನ (ಮಗ್ಗದಲ್ಲಿ ಉದ್ದಕ್ಕೆ ಹಾಸುವ ಎಳೆಗಳ) ಸೀರೆಯನ್ನು ಯಾರೂ ಗುಂಡಿ ಒತ್ತಿ ಕೊಳ್ಳುವುದಿಲ್ಲ. “ಸೆರಗು ಬಿಡಿಸಿ ತೋರಿಸಿ”, “ಬಿಸಿಲಿನಲ್ಲಿ ಹಿಡಿಯಿರಿ” ಎನ್ನುತ್ತಾರೆ. ವಿಡಿಯೊ ಕರೆಯಲ್ಲಿ ಅತ್ತೆ, ನಾದಿನಿ ಎಲ್ಲರೂ ಕೂತಿರುತ್ತಾರೆ. ಮೇಲಾಗಿ ಪಾವತಿ ಸೇವೆಯವರು ಪ್ರತಿ ವ್ಯವಹಾರಕ್ಕೆ ಶೇ 2ರಷ್ಟು, ಅದರ ಮೇಲೆ ಜಿಎಸ್‌ಟಿ ಹಿಡಿಯುತ್ತಿದ್ದರು. ಯುಪಿಐನಲ್ಲಿ ಆ ಕಡಿತವಿಲ್ಲ. ಎರಡನೆಯ ವರ್ಷ ಬುಟ್ಟಿಯನ್ನು ತೆಗೆಸಿ, ಪ್ರತಿ ಸೀರೆಯ ಕೆಳಗೆ ವಾಟ್ಸ್‌ಆ್ಯಪ್ ಲಿಂಕ್ ಒಂದನ್ನು ಇರಿಸಿದೆ. ವೆಬ್‌ಸೈಟ್ ದುಡಿಯತೊಡಗಿದ್ದು ಆಮೇಲೆ.

ಅದರಲ್ಲೂ ಹೆಚ್ಚು ದುಡಿದದ್ದು ಸೀರೆಯ ಚಿತ್ರಗಳಲ್ಲ, ಬೇಸರದಿಂದ ಬರೆದ ಒಂದು ಪುಟ. ದಿನಕ್ಕೆ ಹತ್ತು ಮಂದಿ ಕೇಳುತ್ತಿದ್ದ ಪ್ರಶ್ನೆಗಳಿಗೆ ಒಂದೇ ಕಡೆ ಉತ್ತರ ಬರೆದಿಟ್ಟೆ: ಎಂಟು ಗಜ ಯಾರಿಗೆ, ಒಂಬತ್ತು ಗಜ ಯಾರಿಗೆ, ಚಿಕ್ಕಿ ದಡಿಗೂ ಗೋಮಿ ದಡಿಗೂ ಏನು ವ್ಯತ್ಯಾಸ, ಗಿರಿಕುಂಕುಮ ಎಂದರೆ ಯಾವ ಕೆಂಪು. ಇಳಕಲ್ ಸೀರೆಯ ಒಡಲಿಗೆ ಒಂದು ಹಾಸು, ಸೆರಗಿಗೆ ಬೇರೊಂದು ಹಾಸು. ಎರಡರ ಎಳೆಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಜೋಡಿಸಿ ನೇಯುತ್ತಾರೆ. ಆ ಜೋಡಣೆಯ ಗೆರೆಯನ್ನೂ ಟೋಪು ತೆನಿ ಎಂಬ ವಿನ್ಯಾಸದ ಸೆರಗಿನ ಹಲ್ಲುಗಳನ್ನೂ ಹತ್ತಿರದಿಂದ ಚಿತ್ರ ತೆಗೆದು ಆ ಪುಟದಲ್ಲಿ ಹಾಕಿದೆ. ವಾಟ್ಸ್‌ಆ್ಯಪ್ ಸ್ಟೇಟಸ್ 24 ತಾಸಿಗೆ ಮಾಯ. ಈ ಪುಟ ಮೂರು ವರ್ಷದಿಂದ ಅಲ್ಲೇ ಇದೆ. ಈಗ ಯಾರಾದರೂ ಮೊದಲ ಸಂದೇಶದಲ್ಲೇ “ಕೊಂಡಿ ಇರುವ ಜಾಗದ ಚಿತ್ರ ಕಳುಹಿಸಿ” ಎಂದರೆ ಅವರು ಎಲ್ಲಿಂದ ಬಂದರೆಂದು ಕೇಳಬೇಕಾಗಿಲ್ಲ. ಇಂಥವರು ಚೌಕಾಸಿ ಮಾಡುವುದು ಕಡಿಮೆ. “ಬೇರೆ ಕಡೆ ಇದರ ಅರ್ಧ ಬೆಲೆಗೆ ಸಿಗುತ್ತದೆ” ಎನ್ನುವವರಿಗೂ ಅದೇ ಪುಟವನ್ನು ಕಳುಹಿಸಿ ಸುಮ್ಮನಾಗುತ್ತೇನೆ.

ಕನ್ನಡ ಪುಟದಲ್ಲಿ ಒಂದು ಪಜೀತಿ ಆಯಿತು. ಬರಹವನ್ನು ಡಿಟಿಪಿ ಅಂಗಡಿಯಲ್ಲಿ ಮಾಡಿಸಿದ್ದೆ. ಅದು ಎಲ್ಲ ಕಂಪ್ಯೂಟರ್, ಮೊಬೈಲುಗಳಿಗೂ ಅರ್ಥವಾಗುವ ಯೂನಿಕೋಡ್ ಅಲ್ಲ, ಹಳೆಯ ಫಾಂಟಿನದು. ವೆಬ್‌ಸೈಟಿಗೆ ಹಾಕಿದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ವೆಬ್‌ಸೈಟ್ ಮಾಡಿಕೊಟ್ಟ ಹುಡುಗ ಅದನ್ನು ಚಿತ್ರವಾಗಿ ಅಂಟಿಸಿ ಕೈತೊಳೆದುಕೊಂಡ. ಕಣ್ಣಿಗೆ ಕನ್ನಡವೇ, ಆದರೆ ಕನ್ನಡದಲ್ಲಿ ಹುಡುಕಿದರೆ ನಮ್ಮ ಪುಟ ಸಿಗುತ್ತಿರಲಿಲ್ಲ. ಎಂಟು ತಿಂಗಳ ನಂತರ ನನ್ನ ಹೆಂಡತಿ ಮೊಬೈಲಿನಲ್ಲೇ ಇಡೀ ಬರಹವನ್ನು ಮತ್ತೆ ಟೈಪ್ ಮಾಡಿದಳು.

ಇದಕ್ಕಿಂತ ದೊಡ್ಡ ತಪ್ಪು ನನ್ನದೇ. ವೆಬ್‌ಸೈಟಿನ ವಿಳಾಸವನ್ನು, ಅಂದರೆ ಡೊಮೈನನ್ನು, ಆ ಹುಡುಗ ತನ್ನ ಖಾತೆಯಲ್ಲಿ, ತನ್ನ ಹೆಸರಿಗೇ ಕೊಂಡಿದ್ದ. ನಾನು ಕೇಳಲೇ ಇಲ್ಲ. ಅವನು ಕೆಲಸ ಬಿಟ್ಟು ಬೆಂಗಳೂರಿಗೆ ಹೋದ ಮೇಲೆ ನವೀಕರಣದ ಇಮೇಲ್ ಅವನಿಗೆ ಹೋಯಿತು, ಅವನು ನೋಡಲಿಲ್ಲ, ಶ್ರಾವಣದ ನಡುವೆ ವೆಬ್‌ಸೈಟ್ ಹನ್ನೊಂದು ದಿನ ಬಂದ್. ಬಾಡಿಗೆಯ ಜಾಗ ಬೇಡ, ಸ್ವಂತದ್ದಿರಲಿ ಎಂದು ಹೊರಟವನು ಸ್ವಂತ ಜಾಗದ ಉತಾರವನ್ನೇ (ಒಡೆತನದ ದಾಖಲೆಯನ್ನೇ) ಬೇರೆಯವರ ಹೆಸರಿನಲ್ಲಿ ಬಿಟ್ಟಿದ್ದೆ. ಈಗ ಅದು ನನ್ನ ಹೆಸರಿನಲ್ಲಿದೆ, ಮೂರು ವರ್ಷದ ಹಣವನ್ನು ಒಟ್ಟಿಗೇ ಕಟ್ಟಿದ್ದೇನೆ. ಮೊದಲ ವರ್ಷದ ಅಗ್ಗದ ದರ ನವೀಕರಣದಲ್ಲಿ ಇರುವುದಿಲ್ಲ ಎಂಬುದನ್ನೂ ಆಗಲೇ ಕಲಿತೆ.

ಹಾಗೆಂದು ಸಾಮಾಜಿಕ ಜಾಲತಾಣವನ್ನು ಬಿಟ್ಟಿಲ್ಲ. ಹೊಸ ಮುಖಗಳು ಬರುವುದು ಅಲ್ಲಿಂದಲೇ. ಹೆಂಡತಿ ಕಸೂತಿ ಹಾಕುವ ಅರ್ಧ ನಿಮಿಷದ ವಿಡಿಯೊ ಸೇರಿಸುವಷ್ಟು ಜನರನ್ನು ನನ್ನ ವೆಬ್‌ಸೈಟ್ ವರ್ಷದಲ್ಲೂ ಸೇರಿಸಿಲ್ಲ. ಆ ಜನ ಹಣ ಕಳುಹಿಸುವ ಮೊದಲು ಅಂಗಡಿ ನಿಜವಾಗಿ ಇದೆಯೇ ಎಂದು ನೋಡಲು ಬರುವುದು ಮಾತ್ರ ವೆಬ್‌ಸೈಟಿಗೆ. ಪಕ್ಕದ ಖಾನಾವಳಿಯವರು ತಮಗೂ ಬೇಕೇ ಎಂದು ಕೇಳಿದಾಗ ಬೇಡವೆಂದೆ. ರೊಟ್ಟಿ ಊಟಕ್ಕೆ ಬರುವವರಿಗೆ ಗೂಗಲ್ ನಕ್ಷೆಯಲ್ಲಿ ಜಾಗ, ಸಮಯ, ಫೋನ್ ನಂಬರ್ ಸರಿಯಾಗಿದ್ದರೆ ಸಾಕು.

ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಹೊಸ ಸೀರೆ ಬಂದಾಗಲೆಲ್ಲ ಹಳೆಯದನ್ನು ತೆಗೆದು ಹೊಸದನ್ನು ಹಾಕುವುದು ಇಂದಿಗೂ ಕಿರಿಕಿರಿಯ ಕೆಲಸ. ಮಾರಾಟವಾದ ಸೀರೆಯನ್ನೇ ಕೇಳಿ ಬೇಸರಪಟ್ಟವರಿದ್ದಾರೆ. ಸೋಲಾಪುರ, ಕೊಲ್ಹಾಪುರದ ಗಿರಾಕಿಗಳು ಕೇಳುತ್ತಿರುವ ಮರಾಠಿ ಪುಟ ಇನ್ನೂ ಆಗಿಲ್ಲ. ಈ ಬಾರಿ ಯೂನಿಕೋಡಿನಲ್ಲೇ ಟೈಪ್ ಮಾಡುವವರನ್ನು ಹುಡುಕುತ್ತಿದ್ದೇನೆ.