ಬೀಜಿಂಗ್‌ನಿಂದ ಷಿಯಾನ್‌ಗೆ: ರಾತ್ರಿ ರೈಲೋ, ಜಿ ರೈಲೋ, ವಿಮಾನವೋ?

ಚೀನಾದಲ್ಲಿ ಓದಲು ಬಂದವರು ರಜೆ ಸಿಕ್ಕ ಕೂಡಲೇ ಹೊರಡುವ ಊರುಗಳಲ್ಲಿ ಷಿಯಾನ್ ಒಂದು. ಟೆರಾಕೋಟಾ ಸೈನಿಕರು, ಮಿಂಗ್ ಕಾಲದ ಕೋಟೆಗೋಡೆ, ಮುಸ್ಲಿಂ ಬೀದಿಯ ತಿಂಡಿ ಎಲ್ಲವೂ ಅಲ್ಲೇ. ಬೀಜಿಂಗ್‌ನಿಂದ ಸುಮಾರು 1,200 ಕಿ.ಮೀ. ಮೂರೂ ಬಗೆಯಲ್ಲಿ ಹೋಗಿ ನೋಡಿದ ಮೇಲೆ ನಮ್ಮ ಸಲಹೆ ಇಷ್ಟು: ಹೋಗುವಾಗ ರಾತ್ರಿ ರೈಲು, ಬರುವಾಗ ಹಗಲಿನ ಜಿ ರೈಲು, ಅಂದರೆ ಅತಿವೇಗದ ರೈಲು. ಈ ದಾರಿಗೆ ವಿಮಾನ ಬೇಡ.

ವಿಮಾನದ ಲೆಕ್ಕ ಬೇಗ ಮುಗಿಯುತ್ತದೆ. ಹಾರಾಟ ಎರಡು ಗಂಟೆ. ಆದರೆ ಬೀಜಿಂಗ್‌ನ ಹೈಡಿಯನ್ ಕಡೆಯ ಕ್ಯಾಂಪಸ್‌ನಿಂದ ವಿಮಾನ ನಿಲ್ದಾಣ ತಲುಪಲು ಒಂದೂವರೆ ಗಂಟೆ ಬೇಕು, ಅಲ್ಲಿ ತಪಾಸಣೆಗೆ ಎರಡು ಗಂಟೆ ಇಟ್ಟುಕೊಳ್ಳಬೇಕು. ಷಿಯಾನ್‌ನ ವಿಮಾನ ನಿಲ್ದಾಣ ಇರುವುದು ಪಕ್ಕದ ಷಿಯೆನ್‌ಯಾಂಗ್ ಊರಿನ ಕಡೆ, ಷಿಯಾನ್ ನಡುವಿನಿಂದ ಸುಮಾರು 40 ಕಿ.ಮೀ. ದೂರ. ಎಲ್ಲ ಕೂಡಿಸಿದರೆ ಜಿ ರೈಲಿಗಿಂತ ಉಳಿಯುವುದು ಹೆಚ್ಚೆಂದರೆ ಒಂದು ಗಂಟೆ. ಬೇಸಿಗೆಯಲ್ಲಿ ಗುಡುಗುಮಳೆ ಬಂತೆಂದರೆ ಅದೂ ಹೋಯಿತು. ಇನ್ನೊಂದು ತೊಡಕು ಪವರ್ ಬ್ಯಾಂಕಿನದು. 2025ರ ಜೂನ್ 28ರಿಂದ ದೇಶದೊಳಗಿನ ವಿಮಾನಗಳಲ್ಲಿ ಚೀನಾದ 3ಸಿ ಎಂಬ ಸುರಕ್ಷತಾ ಗುರುತಿಲ್ಲದ ಪವರ್ ಬ್ಯಾಂಕ್ ಒಯ್ಯುವಂತಿಲ್ಲ. ಬೆಂಗಳೂರಿನಲ್ಲಿ ಕೊಂಡದ್ದರ ಮೇಲೆ ಆ ಗುರುತು ಇರುವುದು ಅಪರೂಪ, ತಪಾಸಣೆಯಲ್ಲಿ ಅಲ್ಲೇ ಬಿಟ್ಟು ಹೋಗಬೇಕಾಗುತ್ತದೆ. ಕುನ್ಮಿಂಗ್, ಉರುಮ್ಚಿಯಂಥ ದೂರದ ಊರಿಗಾದರೆ ಮಾತು ಬೇರೆ.

ಜಿ ರೈಲು ಬೀಜಿಂಗ್ ಪಶ್ಚಿಮ ನಿಲ್ದಾಣದಿಂದ ಹೊರಟು ನಾಲ್ಕೂಕಾಲು ಗಂಟೆಯಿಂದ ಆರು ಗಂಟೆಯೊಳಗೆ ತಲುಪುತ್ತದೆ. ದಾರಿಯಲ್ಲಿ ಎಷ್ಟು ಕಡೆ ನಿಲ್ಲುತ್ತದೆ ಎಂಬುದರ ಮೇಲೆ ಈ ವ್ಯತ್ಯಾಸ. ಎರಡನೇ ದರ್ಜೆಗೆ ಸುಮಾರು 500ರಿಂದ 600 ಯುವಾನ್. ಒಂದು ಸಾಲಿನಲ್ಲಿ ಎ, ಬಿ, ಸಿ ಒಂದು ಕಡೆ, ಡಿ, ಎಫ್ ಇನ್ನೊಂದು ಕಡೆ, ಇ ಇಲ್ಲ. ಕಿಟಕಿ ಬೇಕಿದ್ದರೆ ಎ ಅಥವಾ ಎಫ್ ಆರಿಸಿ, ನಡುವೆ ಸಿಕ್ಕಿಕೊಳ್ಳುವ ಬಿ ಬೇಡ. ಚಾರ್ಜಿಂಗ್ ಪ್ಲಗ್ ಸೀಟಿನ ಕೆಳಗಿರುತ್ತದೆ, ಬಗ್ಗಿ ಹುಡುಕಬೇಕು. ಹಗಲಲ್ಲಿ ಹೊರಟರೆ ಹೆನಾನ್‌ನ ಗೋಧಿ ಹೊಲಗಳೂ ಆಮೇಲೆ ಹಳದಿ ಮಣ್ಣಿನ ದಿಬ್ಬಗಳೂ ಕಾಣಸಿಗುತ್ತವೆ. ಆದರೆ ಎಲ್ಲರೂ ಫೋನಿನಲ್ಲೇ ಮುಳುಗಿರುತ್ತಾರೆ. ಪಕ್ಕದವರ ಜೊತೆ ನಾಲ್ಕು ಮಾತಾಡಿ ಭಾಷೆ ಪಳಗಿಸಿಕೊಳ್ಳಬೇಕೆಂದರೆ ಇದು ಜಾಗವಲ್ಲ.

ಅದಕ್ಕೆ ರಾತ್ರಿ ರೈಲೇ ಆಗಬೇಕು. ಝಡ್ ಅಕ್ಷರದ ರೈಲುಗಳು ಸುಮಾರು ಹನ್ನೆರಡು ಗಂಟೆ ತೆಗೆದುಕೊಳ್ಳುತ್ತವೆ, ಕೆ ಅಕ್ಷರದವು ಇನ್ನೂ ನಿಧಾನ. ಯಿಂಗ್‌ವೊ ಎಂಬ ಅಗ್ಗದ ಮಲಗುವ ದರ್ಜೆಯಲ್ಲಿ ಬಾಗಿಲಿಲ್ಲದ ಒಂದೊಂದು ಅಂಕಣಕ್ಕೆ ಆರು ಬರ್ತ್, ಟಿಕೆಟ್ 300 ಯುವಾನ್‌ನ ಒಳಗೇ ಆಗುತ್ತದೆ. ಬಾಗಿಲಿರುವ ನಾಲ್ಕು ಬರ್ತಿನ ರುವಾನ್‌ವೊಗೆ ಅದಕ್ಕಿಂತ ಬಹಳ ಹೆಚ್ಚು. ಅದಕ್ಕೆ ಇನ್ನಷ್ಟು ಸೇರಿಸಿದರೆ ಜಿ ರೈಲೇ ಆದೀತು. ರಾತ್ರಿ ರೈಲಿನಲ್ಲಿ ಹೋದರೆ ಒಂದು ರಾತ್ರಿಯ ರೂಮಿನ ಬಾಡಿಗೆಯೂ ಉಳಿಯುತ್ತದೆ. ವಿದೇಶಿಯರು ಹೋಟೆಲ್ ಬಿಟ್ಟು ಗೆಳೆಯರ ಮನೆಯಲ್ಲಿ ತಂಗಿದರೆ 24 ಗಂಟೆಯೊಳಗೆ ಪೊಲೀಸ್ ಠಾಣೆಯಲ್ಲಿ ನೋಂದಾಯಿಸಬೇಕು. ರೈಲಿನಲ್ಲಿ ಕಳೆದ ರಾತ್ರಿಗೆ ಆ ಓಡಾಟವಿಲ್ಲ.

ಬರ್ತ್ ಆರಿಸುವಾಗ ನಡುವಿನದನ್ನೇ ತೆಗೆದುಕೊಳ್ಳಿ. ಕೆಳಗಿನದಕ್ಕೆ ಕೆಲವು ಯುವಾನ್ ಜಾಸ್ತಿ, ಮೇಲಾಗಿ ದೀಪ ಆರಿಸುವ ತನಕ ಮೇಲಿನವರೆಲ್ಲ ಅದರ ಮೇಲೇ ಕೂರುತ್ತಾರೆ. ಅಲ್ಲಿನ ರೂಢಿಯೇ ಹಾಗೆ, ಬೇಸರ ಮಾಡಿಕೊಳ್ಳಬಾರದು. ತೀರ ಮೇಲಿನದರಲ್ಲಿ ನೆಟ್ಟಗೆ ಕೂರಲಾಗುವುದಿಲ್ಲ, ರಾತ್ರಿ ಶೌಚಕ್ಕೆ ಕಡಿದಾದ ಏಣಿ ಇಳಿಯಬೇಕು. ಹತ್ತು ಗಂಟೆಯ ಸುಮಾರಿಗೆ ದೀಪ ಆರುತ್ತದೆ, ಹಾಸಿಗೆ ಅದಕ್ಕೆ ಮೊದಲೇ ಸರಿಮಾಡಿಕೊಳ್ಳಿ. ಕಾರಿಡಾರಿನ ಕಿಟಕಿಗೆ ಅಂಟಿಕೊಂಡ ಮಡಚುವ ಸೀಟೇ ಇಡೀ ಬೋಗಿಯ ಜಗಲಿ. ಸೂರ್ಯಕಾಂತಿ ಬೀಜ ಸುಲಿಯುತ್ತ, ಟೀ ಫ್ಲಾಸ್ಕ್ ಹಿಡಿದು ಹಿರಿಯರು ಅಲ್ಲಿ ಕೂತಿರುತ್ತಾರೆ. ಯಾವ ದೇಶ, ಏನು ಓದುತ್ತೀ, ಮದುವೆ ಆಯಿತೇ ಎಂದು ಕೇಳುತ್ತಾರೆ. ತರಗತಿಯಲ್ಲಿ ಕಲಿತ ಚೀನೀ ಭಾಷೆ ಬಾಯಿಗೆ ಬರುವುದು ಇಲ್ಲೇ.

ಊಟದ ವಿಷಯ ಸಸ್ಯಾಹಾರಿಗಳಿಗೆ ಮುಖ್ಯ. ಪ್ರತಿ ಬೋಗಿಯ ತುದಿಯಲ್ಲಿ ಕುದಿನೀರಿನ ನಲ್ಲಿ ಇರುತ್ತದೆ, ಎಲ್ಲರೂ ಡಬ್ಬಿ ನೂಡಲ್ಸ್‌ಗೆ ಅದನ್ನೇ ಹಿಡಿಯುತ್ತಾರೆ. ನೂಡಲ್ಸ್ ಡಬ್ಬಿಯ ಮೇಲೆ ಅಣಬೆಯ ಚಿತ್ರ ಕಂಡು ಕೊಂಡರೆ ಮೋಸ ಹೋಗುತ್ತೀರಿ: ತುಂಬ ಮಾರಾಟವಾಗುವ ಅಣಬೆ ರುಚಿಯದರಲ್ಲಿ ಕೋಳಿಯೂ ಇದೆ. ಊರಿಂದ ತಂದ ರೆಡಿ ಉಪ್ಪಿಟ್ಟಿನ ಪುಡಿ ಇದ್ದರೆ ಮುಚ್ಚಳವಿರುವ ಸ್ಟೀಲ್ ಡಬ್ಬಿಗೆ ಹಾಕಿ, ಪೊಟ್ಟಣದಲ್ಲಿ ಹೇಳಿದಷ್ಟು ಕುದಿನೀರು ಹಿಡಿದು ಎಂಟು ನಿಮಿಷ ಮುಚ್ಚಿಡಿ. ಮುಚ್ಚಳ ಬೇಗ ತೆರೆದರೆ ರವೆ ಬೇಯದೆ ಉಳಿಯುತ್ತದೆ. ನೀರನ್ನು ಡಬ್ಬಿಯ ಮುಕ್ಕಾಲಿಗಿಂತ ಮೇಲೆ ತುಂಬಬೇಡಿ, ಓಡುವ ರೈಲಿನಲ್ಲಿ ಕೈ ಸುಡುತ್ತದೆ.

ಇಳಿಯುವ ನಿಲ್ದಾಣದಲ್ಲೂ ರಾತ್ರಿ ರೈಲೇ ಮೇಲು. ಅದು ಕೋಟೆಗೋಡೆಯ ಪಕ್ಕದಲ್ಲೇ ಇರುವ ಹಳೆಯ ಷಿಯಾನ್ ನಿಲ್ದಾಣಕ್ಕೆ ಬರುತ್ತದೆ. ಜಿ ರೈಲು ನಿಲ್ಲುವುದು ಊರಾಚೆಯ ಷಿಯಾನ್ ಉತ್ತರದಲ್ಲಿ. ಅಲ್ಲಿಂದ ಎರಡನೇ ಮೆಟ್ರೊ ಮಾರ್ಗ ಹಿಡಿದರೆ ಊರಿನ ನಡುವಿನ ಗಂಟೆ ಗೋಪುರಕ್ಕೆ ಅರ್ಧ ಗಂಟೆ. ವಾಪಸ್ ಬರುವಾಗ ಟಿಕೆಟ್ಟಿನಲ್ಲಿ ಉತ್ತರ ಎಂದಿದೆಯೇ ನೋಡಿಕೊಳ್ಳಿ. ತಪ್ಪು ನಿಲ್ದಾಣಕ್ಕೆ ಹೋದರೆ ರೈಲು ಸಿಗುವುದಿಲ್ಲ.

ಎರಡೂ ರೈಲಿಗೆ ಚೀನಾ ರೈಲ್ವೆಯ 12306 ಆ್ಯಪ್‌ನಲ್ಲೇ ಟಿಕೆಟ್, 15 ದಿನ ಮುಂಚೆ ತೆರೆಯುತ್ತದೆ. ಖಾತೆಗೆ ಪಾಸ್‌ಪೋರ್ಟ್ ಪರಿಶೀಲನೆ ಆಗಬೇಕು, ಆದ್ದರಿಂದ ಹೊರಡುವ ಹಿಂದಿನ ದಿನ ಶುರುಮಾಡಬೇಡಿ. ನಮ್ಮವರ ಪಾಸ್‌ಪೋರ್ಟ್‌ಗಳಲ್ಲಿ ಕುಲನಾಮದ ಜಾಗ ಖಾಲಿ ಇರುವುದುಂಟು. ಹೆಸರನ್ನು ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ, ಅದೇ ಕ್ರಮದಲ್ಲಿ ತುಂಬಿ, ಇನಿಶಿಯಲ್ ಹಾಕಬೇಡಿ. ನಿಲ್ದಾಣದಲ್ಲಿ ಪಾಸ್‌ಪೋರ್ಟ್ ಓದದ ಗೇಟುಗಳೂ ಇವೆ, ಅಲ್ಲಿ ಸಿಬ್ಬಂದಿ ಇರುವ ಸಾಲಿಗೆ ಹೋಗಬೇಕು. ಮುಕ್ಕಾಲು ಗಂಟೆ ಮುಂಚೆ ಬಂದಿರಿ, ರೈಲು ಹೊರಡುವ ಕೆಲವು ನಿಮಿಷ ಮೊದಲೇ ಗೇಟು ಮುಚ್ಚುತ್ತದೆ. ರೆಸಿಡೆನ್ಸ್ ಪರ್ಮಿಟ್ ನವೀಕರಣಕ್ಕೆ ಪಾಸ್‌ಪೋರ್ಟ್ ಕೊಟ್ಟಿರುವ ದಿನಗಳಲ್ಲಿ ಪ್ರವಾಸ ಇಟ್ಟುಕೊಳ್ಳಬೇಡಿ.

ಅಕ್ಟೋಬರ್ ಮೊದಲ ವಾರ ಮತ್ತು ಚೀನೀ ಹೊಸವರ್ಷದ ಆಚೀಚೆ ಯಿಂಗ್‌ವೊ ಟಿಕೆಟ್ ತೆರೆದ ಕೂಡಲೇ ಖಾಲಿಯಾಗುತ್ತದೆ. ಆಗ ಆ್ಯಪ್‌ನ ಕಾಯುವ ಪಟ್ಟಿಗೆ ಹಣ ಕಟ್ಟಿ ಸೇರಿಕೊಳ್ಳಿ. ಯಾರಾದರೂ ರದ್ದು ಮಾಡಿದರೆ ತಾನಾಗಿ ನಿಮಗೆ ಬರುತ್ತದೆ, ಸಿಗದಿದ್ದರೆ ಪೂರ್ತಿ ಹಣ ವಾಪಸ್. ನೀವೇ ರದ್ದು ಮಾಡುವುದಾದರೆ ಎಂಟು ದಿನ ಮೊದಲು ಮಾಡಿ, ಆಗ ಕಡಿತವಿಲ್ಲ. ಕೊನೆಯ 24 ಗಂಟೆಯಲ್ಲಾದರೆ ಶೇ 20 ಹೋಗುತ್ತದೆ.