ಸರ್ವಿಸ್ ಆದ ಮೇಲೆ ದಾರಿಯಲ್ಲಿ ನಿಲ್ಲತೊಡಗಿದ ಬೈಕ್: ನಾಲ್ಕು ವರ್ಷ, 41,000 ಕಿ.ಮೀ. ಅನುಭವ

ಈ ಬೈಕ್ ನನ್ನ ಹತ್ತಿರ ನಾಲ್ಕು ವರ್ಷದಿಂದ ಇದೆ. ಒಂದೇ ಸಿಲಿಂಡರ್, ಲಿಕ್ವಿಡ್ ಕೂಲಿಂಗ್, ಫ್ಯೂಯಲ್ ಇಂಜೆಕ್ಷನ್. ಎರಡು ಚೈನ್ ಸೆಟ್, ಎರಡು ಜೊತೆ ಟೈರ್, ಒಂದು ಬ್ಯಾಟರಿ ಬದಲಾಗಿವೆ. ಎಂಜಿನ್ ಬಗ್ಗೆ ನನಗೆ ಒಂದೇ ಒಂದು ದೂರಿಲ್ಲ. ಆದರೆ 40,000 ಕಿ.ಮೀ. ಸರ್ವಿಸ್ ಆದ ಮೇಲಿನ ಮೂರು ವಾರ ನಾನು ಬೈಕನ್ನೇ ಅನುಮಾನಿಸಿದೆ. ತಪ್ಪು ಬೈಕಿನದಾಗಿರಲಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಆ ಸರ್ವಿಸ್ ದೊಡ್ಡದು. ಆಯಿಲ್, ಕೂಲೆಂಟ್, ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ಜೊತೆಗೆ ವಾಲ್ವ್ ಕ್ಲಿಯರೆನ್ಸ್ (ಎಂಜಿನ್ ವಾಲ್ವ್‌ಗಳ ಬಳಿ ಬಿಡುವ ಸಣ್ಣ ಅಂತರ) ಚೆಕ್. ಮನೆಗೆ ತಂದಾಗ ಬೈಕ್ ಚೆನ್ನಾಗಿಯೇ ಇತ್ತು. ಐಡ್ಲಿಂಗ್ ಸರಿ, ಪಿಕಪ್ ಸರಿ. ಮೂರನೇ ದಿನ ಹೈವೇಯಲ್ಲಿ ಸುಮಾರು 25 ನಿಮಿಷ ಓಡಿದ ಮೇಲೆ ಎಂಜಿನ್ ತಡವರಿಸಿತು. ಥ್ರಾಟಲ್ ಕೊಟ್ಟರೆ ವೇಗ ಏರುವ ಬದಲು ಇಳಿಯಿತು. ಹಿಂದೆ ಲಾರಿ ಇತ್ತು. ಹೇಗೋ ಪಕ್ಕಕ್ಕೆ ಬಂದೆ, ಎಂಜಿನ್ ಆಫ್ ಆಯಿತು. ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ಏನೂ ಆಗದ ಹಾಗೆ ಓಡಿತು!

ಮೊದಲ ಸಲ ತೋರಿಸಿದಾಗ ಸರ್ವಿಸ್ ಸೆಂಟರ್‌ನಲ್ಲಿ ಪೆಟ್ರೋಲ್ ಸರಿಯಿಲ್ಲ ಅಂದರು. ಬೇರೆ ಬಂಕ್‌ನಲ್ಲಿ ಹಾಕಿಸಿದೆ, ಮತ್ತೆ ನಿಂತಿತು. ಎರಡನೇ ಸಲ ಸ್ಕ್ಯಾನರ್ ಹಾಕಿದರು. ದೋಷ ತೋರಿಸುವ ಕೋಡ್ ಒಂದೂ ಇಲ್ಲ, ಹಾಗಾಗಿ ತೊಂದರೆಯೂ ಇಲ್ಲ ಅಂದರು. ಮೂರನೇ ಸಲ ಫ್ಯೂಯಲ್ ಪಂಪ್ ಬದಲಾಯಿಸಬೇಕು ಅಂದರು. ಪಂಪ್‌ನ ಪ್ರೆಶರ್ ಅಳೆದಿರಾ ಅಂತ ಕೇಳಿದೆ. ಅಳೆದಿರಲಿಲ್ಲ. ಬೈಕ್ ವಾಪಸ್ ತಂದೆ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಸ್ಕ್ಯಾನರ್‌ನಲ್ಲಿ ಕೋಡ್ ಇಲ್ಲ ಅಂದರೆ ಸೆನ್ಸರ್‌ಗಳಿಗೆ ಏನೂ ಕಾಣಲಿಲ್ಲ ಅಂತ ಅಷ್ಟೇ ಅರ್ಥ. ನನ್ನ ಬೈಕಿನಲ್ಲಿ ಪೆಟ್ರೋಲ್ ಪ್ರೆಶರ್ ನೋಡುವ ಸೆನ್ಸರ್ ಇಲ್ಲ. ಟ್ಯಾಂಕ್ ಒಳಗೆ ಏನು ನಡೆದರೂ ಇಸಿಯುಗೆ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್‌ಗೆ, ನೇರವಾಗಿ ಗೊತ್ತಾಗುವುದಿಲ್ಲ.

ಬಿಸಿಯಾದಾಗ ನಿಂತು, ತಣ್ಣಗಾದ ಮೇಲೆ ಸ್ಟಾರ್ಟ್ ಆಗುವ ಬೈಕ್ ಅಂದರೆ ಎಲ್ಲರೂ ಮೊದಲು ಹೇಳುವುದು ಪ್ಲಗ್‌ಗೆ ಕಿಡಿಯ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್ ಅಥವಾ ಎಂಜಿನ್ ತಿರುಗುವುದನ್ನು ಇಸಿಯುಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್. ನನಗೂ ಅದೇ ಅನುಮಾನ ಬಂತು. ಈ ಎರಡೂ ಬಿಸಿಗೆ ಕೈಕೊಡುವುದು ನಿಜ. ಆದರೆ ಅವು ಕೈಕೊಟ್ಟಾಗ ಎಂಜಿನ್ ಸಾಮಾನ್ಯವಾಗಿ ಸ್ವಿಚ್ ಆರಿಸಿದ ಹಾಗೆ ಥಟ್ಟನೆ ಸಾಯುತ್ತದೆ. ನನ್ನದು ಉಸಿರು ಕಟ್ಟಿದ ಹಾಗೆ ನಿಧಾನಕ್ಕೆ ಸಾಯುತ್ತಿತ್ತು. ಇನ್ನೊಂದು ವಿಷಯವೂ ಇತ್ತು. ಸಿಟಿ ಟ್ರಾಫಿಕ್‌ನಲ್ಲಿ 40 ನಿಮಿಷ, ರೇಡಿಯೇಟರ್ ಫ್ಯಾನ್ ಮತ್ತೆ ಮತ್ತೆ ತಿರುಗುವಷ್ಟು ಬಿಸಿಯಲ್ಲಿ ಓಡಿಸಿದೆ. ಒಂದು ಸಲವೂ ನಿಲ್ಲಲಿಲ್ಲ. ಬಿಸಿಯೇ ಕಾರಣ ಆಗಿದ್ದರೆ ಅಲ್ಲೇ ಮೊದಲು ನಿಲ್ಲಬೇಕಿತ್ತು, ಅಲ್ವಾ?

ಆಮೇಲೆ ಪ್ರತಿ ಸಲ ನಿಂತಾಗಲೂ ಮೂರು ವಿಷಯ ಬರೆದಿಟ್ಟೆ. ಎಷ್ಟು ಹೊತ್ತು ಓಡಿತ್ತು, ಯಾವ ವೇಗ, ಟ್ಯಾಂಕ್‌ನಲ್ಲಿ ಎಷ್ಟು ಪೆಟ್ರೋಲ್ ಇತ್ತು. ಮೂರನೆಯದನ್ನು ಸುಮ್ನೆ ಬರೆದಿದ್ದೆ. ಕೊನೆಗೆ ದಾರಿ ತೋರಿಸಿದ್ದು ಅದೇ. ಫುಲ್ ಟ್ಯಾಂಕ್ ಇದ್ದಾಗ 20–25 ನಿಮಿಷಕ್ಕೆ ನಿಲ್ಲುತ್ತಿತ್ತು. ಅರ್ಧ ಟ್ಯಾಂಕ್ ಇದ್ದಾಗ ಒಂದು ಗಂಟೆಯ ತನಕ ಓಡುತ್ತಿತ್ತು. ಪಂಪ್ ಕೆಟ್ಟಿದ್ದರೆ ಟ್ಯಾಂಕ್ ತುಂಬಿದಾಗಲೇ ಬೇಗ ನಿಲ್ಲಲು ಕಾರಣವಿಲ್ಲ. ಪೆಟ್ರೋಲ್ ಜಾಸ್ತಿ ಇದ್ದಷ್ಟೂ ಬೇಗ ನಿಲ್ಲುತ್ತದೆ ಅಂದರೆ ಪಂಪ್ ಮೇಲಿನ ಅನುಮಾನ ಅರ್ಧ ಹೋದ ಹಾಗೆ.

ಪೆಟ್ರೋಲ್ ಖಾಲಿಯಾದ ಜಾಗಕ್ಕೆ ಗಾಳಿ ಬರಬೇಕು. ಅದಕ್ಕಾಗಿಯೇ ಟ್ಯಾಂಕ್‌ಗೆ ಒಂದು ಬ್ರೀದರ್ ದಾರಿ ಇರುತ್ತದೆ. ಅದು ಮುಚ್ಚಿದರೆ ಒಳಗೆ ವ್ಯಾಕ್ಯೂಮ್ ಬೆಳೆಯುತ್ತದೆ, ಪಂಪ್‌ಗೆ ಪೆಟ್ರೋಲ್ ಎಳೆಯುವುದು ಕಷ್ಟ ಆಗುತ್ತದೆ. ಪ್ಲಾಸ್ಟಿಕ್ ಬಾಟಲಿಗೆ ಬಾಯಿ ಒತ್ತಿಟ್ಟು ನೀರು ಹೀರುತ್ತಾ ಹೋದರೆ ಬಾಟಲಿ ಒಳಕ್ಕೆ ಚಪ್ಪಟೆ ಆಗುತ್ತದಲ್ಲ, ಹಾಗೆ. ಫುಲ್ ಟ್ಯಾಂಕ್‌ನಲ್ಲಿ ಪೆಟ್ರೋಲ್ ಮೇಲೆ ಗಾಳಿಯ ಜಾಗ ಒಂದು ಲೀಟರ್‌ನಷ್ಟೂ ಇರುವುದಿಲ್ಲ. ಅಲ್ಲಿಂದ ಒಂದು ಲೀಟರ್ ಪೆಟ್ರೋಲ್ ಹೋದರೆ ಒಳಗಿನ ಗಾಳಿ ದುಪ್ಪಟ್ಟಿಗೂ ಹೆಚ್ಚು ಜಾಗಕ್ಕೆ ಹರಡಬೇಕು, ಪ್ರೆಶರ್ ಬಿದ್ದುಹೋಗುತ್ತದೆ. ಅರ್ಧ ಟ್ಯಾಂಕ್‌ನಲ್ಲಿ ಅಷ್ಟೇ ಪೆಟ್ರೋಲ್ ಹೋದರೂ ವ್ಯತ್ಯಾಸ ಕಡಿಮೆ. ನನ್ನ ಬೈಕ್ ಹೈವೇಯಲ್ಲಿ ಲೀಟರ್‌ಗೆ ಸುಮಾರು 30 ಕಿ.ಮೀ. ಕೊಡುತ್ತದೆ. 80ರ ವೇಗದಲ್ಲಿ 25 ನಿಮಿಷ ಅಂದರೆ ಒಂದು ಲೀಟರ್ ಚಿಲ್ಲರೆ. ಲೆಕ್ಕ ಕೂಡಿಬಂದಾಗ ಮೈ ಝುಂ ಅಂದಿತು. ಸಿಟಿಯಲ್ಲಿ ನಿಲ್ಲದ ಕಾರಣವೂ ಇಲ್ಲೇ ಇತ್ತು. ನಿಧಾನಕ್ಕೆ ಓಡಿದ 40 ನಿಮಿಷದಲ್ಲಿ ಅಷ್ಟು ಪೆಟ್ರೋಲ್ ಖರ್ಚಾಗಿರಲಿಲ್ಲ.

ಮರುದಿನ ಫುಲ್ ಟ್ಯಾಂಕ್ ಹಾಕಿಸಿ ಖಾಲಿ ರಸ್ತೆಗೆ ಹೋದೆ. ತಡವರಿಸಲು ಶುರುವಾದ ಕೂಡಲೇ ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಟ್ಯಾಂಕ್ ಮುಚ್ಚಳ ತೆಗೆದೆ. ಸ್‌ಸ್‌ಸ್ ಅಂತ ಗಾಳಿ ಒಳಕ್ಕೆ ನುಗ್ಗಿತು. ಮುಚ್ಚಿ ಸ್ಟಾರ್ಟರ್ ಒತ್ತಿದೆ. ಹತ್ತು ನಿಮಿಷ ಕಾಯಬೇಕಾಗಲಿಲ್ಲ, ತಕ್ಷಣ ಸ್ಟಾರ್ಟ್ ಆಯಿತು. ನೀವೂ ಹೀಗೆ ನೋಡುವುದಾದರೆ ಬೆಂಕಿ, ಸಿಗರೇಟ್ ಹತ್ತಿರ ಇರಬಾರದು. ಮುಚ್ಚಳ ನಿಧಾನಕ್ಕೆ ತೆಗೆಯಿರಿ. ಗಾಳಿ ಒಳಗೆ ಹೋಗುತ್ತಿದೆಯೋ ಹೊರಗೆ ಬರುತ್ತಿದೆಯೋ ಅಂತ ಗಮನಿಸಿ. ಬಿಸಿಲಿಗೆ ಆವಿ ಹೊರಗೆ ಬರುವುದು ಸಹಜ. ಒಳಗೆ ಎಳೆದರೆ ಬ್ರೀದರ್ ಕಡೆ ನೋಡಬೇಕು.

ಮನೆಯಲ್ಲಿ ಸೀಟ್ ಬಿಚ್ಚಿ ಟ್ಯಾಂಕ್‌ನ ಹಿಂಭಾಗ ಎತ್ತಿದೆ. ಬ್ರೀದರ್ ಹೋಸ್ ಫ್ರೇಮ್‌ಗೂ ಟ್ಯಾಂಕ್‌ಗೂ ನಡುವೆ ಸಿಕ್ಕಿಕೊಂಡು ಪೂರ್ತಿ ಚಪ್ಪಟೆ ಆಗಿತ್ತು. ಏರ್ ಫಿಲ್ಟರ್ ಮತ್ತು ವಾಲ್ವ್ ಕೆಲಸಕ್ಕೆ ಟ್ಯಾಂಕ್ ತೆಗೆದವರು ವಾಪಸ್ ಕೂರಿಸುವಾಗ ಹೋಸನ್ನು ಅದರ ಕ್ಲಿಪ್‌ಗೆ ಹಾಕಿರಲಿಲ್ಲ. ಪಕ್ಕದಲ್ಲಿದ್ದ ಮಳೆನೀರು ಹೋಗುವ ಹೋಸ್ ಸರಿಯಾಗಿತ್ತು. ಈ ಎರಡು ಹೋಸ್ ನೋಡಲು ಒಂದೇ ತರಹ, ಯಾವುದು ಯಾವುದು ಅಂತ ಗೊತ್ತಿರಬೇಕು. ಕೆಲವು ಬೈಕ್‌ಗಳ ಬ್ರೀದರ್ ಹೋಸ್‌ನಲ್ಲಿ ಬೈಕ್ ಬಿದ್ದಾಗ ಮುಚ್ಚಿಕೊಳ್ಳುವ ಸಣ್ಣ ವಾಲ್ವ್ ಇರುತ್ತದೆ. ಅದನ್ನು ಅಡ್ಡ ಕೂರಿಸಿದರೆ ಅದೂ ದಾರಿ ಮುಚ್ಚುತ್ತದೆ.

ಮೊದಲ ದಿನವೇ ನಾನು ಜಾಬ್ ಕಾರ್ಡ್ (ಸರ್ವಿಸ್‌ನಲ್ಲಿ ಮಾಡಿದ ಕೆಲಸಗಳ ಪಟ್ಟಿ) ಓದಬೇಕಿತ್ತು. ಸರ್ವಿಸ್‌ಗೆ ಮುಂಚೆ ಇಲ್ಲದ ತೊಂದರೆ ಆಮೇಲೆ ಬಂದರೆ, ಅಲ್ಲಿ ಬರೆದ ಕೆಲಸಗಳಿಗೆ ಏನೇನು ಬಿಚ್ಚಬೇಕಾಗುತ್ತದೆ ಅಂತ ನೋಡಬೇಕು. ಐಡ್ಲಿಂಗ್ ಏರುಪೇರಾದರೆ ಏರ್‌ಬಾಕ್ಸ್ ಕ್ಲ್ಯಾಂಪ್, ವ್ಯಾಕ್ಯೂಮ್ ಹೋಸ್. ಮಿಸ್ಸಿಂಗ್ ಬಂದರೆ ಪ್ಲಗ್ ಕ್ಯಾಪ್. ಸ್ಟಾರ್ಟರ್ ಒತ್ತಿದಾಗ ಬರೀ ಟಕ್ ಅಂದರೆ ಬ್ಯಾಟರಿ ಟರ್ಮಿನಲ್. ಕ್ಲಚ್ ಜಾರಿದರೆ ಕೇಬಲ್ ತೀರಾ ಬಿಗಿ ಮಾಡಿದ್ದಾರಾ ನೋಡಿ. ಇವಕ್ಕೆಲ್ಲ ಹೊಸ ಪಾರ್ಟ್ ಬೇಡ, ಕಣ್ಣು ಮತ್ತು ಟಾರ್ಚ್ ಸಾಕು.

ಚಪ್ಪಟೆಯಾದ ಹೋಸ್ ತೆಗೆದುಕೊಂಡು ಹೋಗಿ ತೋರಿಸಿದೆ. ಕೆಲಸ ಮಾಡಿದ ಮೆಕ್ಯಾನಿಕ್ ಹುಡುಗ ತಾನೇ ಬಂದು ನೋಡಿ, ತಪ್ಪು ನನ್ನದೇ ಅಂದ. ಹೊಸ ಹೋಸ್ ಹಾಕಿಕೊಟ್ಟ. ಅವನ ಮೇಲೆ ನನಗೆ ಸಿಟ್ಟಿಲ್ಲ. ಒಂದು ಹೋಸ್ ಮರೆಯುವುದು ಯಾರಿಗೂ ಆಗಬಹುದು. ಅಳೆಯದೆ ಪಂಪ್ ಬದಲಾಯಿಸಲು ಹೇಳಿದ್ದನ್ನು ಮಾತ್ರ ಒಪ್ಪಲಾರೆ. ಹೈವೇ ನಡುವೆ ಎಂಜಿನ್ ನಿಲ್ಲುವುದು ಜೀವದ ವಿಷಯ. ಪಂಪ್ ಹಾಕಿಸಿದ್ದರೂ ಬೈಕ್ ಮತ್ತೆ ಅದೇ ತರಹ ನಿಲ್ಲುತ್ತಿತ್ತು.

ಬೈಕ್‌ಗೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಳೆದದ್ದು ಗಟ್ಟಿ ಸೀಟಿಗೆ. ಸರ್ವಿಸ್‌ಗೆ ಎರಡು. ಹೊಸ ಹೋಸ್ ಹಾಕಿ 900 ಕಿ.ಮೀ. ಆಗಿದೆ. ಹೋದ ಭಾನುವಾರ ಫುಲ್ ಟ್ಯಾಂಕ್ ಹಾಕಿಸಿ ಎರಡು ಗಂಟೆ ಎಲ್ಲೂ ನಿಲ್ಲಿಸದೆ ಓಡಿಸಿದೆ. ಮನೆಗೆ ಬಂದು ಮುಚ್ಚಳ ತೆಗೆದಾಗ ಯಾವ ಸದ್ದೂ ಬರಲಿಲ್ಲ.