ಗೂಗಲ್ ಸ್ಕಾಲರ್ ಪ್ರೊಫೈಲ್: ಹುಡುಕಲು ಚೆನ್ನ, ಎಣಿಸಲು ಎಚ್ಚರ

ಜೀವವೈದ್ಯಕೀಯ ವಿಜ್ಞಾನಿಯೊಬ್ಬರು ಎಷ್ಟು ಪೇಪರ್ ಬರೆದಿದ್ದಾರೆ, ಅವನ್ನು ಬೇರೆಯವರು ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂದು ನೋಡಲು ಹೆಚ್ಚಿನವರು ಮೊದಲು ತೆರೆಯುವುದು ಗೂಗಲ್ ಸ್ಕಾಲರ್ (ಸಂಶೋಧನಾ ಲೇಖನ ಹುಡುಕುವ ಗೂಗಲ್ ತಾಣ) ಪ್ರೊಫೈಲನ್ನೇ. ದುಡ್ಡಿಲ್ಲ, ಲಾಗಿನ್ ಬೇಕಿಲ್ಲ. ಇಂಥದೇ ಎಣಿಕೆ ಕೊಡುವ ಸ್ಕೋಪಸ್, ವೆಬ್ ಆಫ್ ಸೈನ್ಸ್ ಪೂರ್ತಿಯಾಗಿ ಸಿಗಬೇಕಾದರೆ ಸಂಸ್ಥೆ ಚಂದಾ ಕಟ್ಟಿರಬೇಕು. 2011ರಿಂದ ನಡೆಯುತ್ತಿರುವ ಸ್ಕಾಲರ್ ಪ್ರೊಫೈಲ್ ಸೇವೆಗೆ ಹುಡುಕಾಟದಲ್ಲಿ ಐದಕ್ಕೆ ನಾಲ್ಕೂವರೆ ಕೊಡಬಹುದು, ಎಣಿಕೆಯಲ್ಲಿ ಎರಡು ಕೊಟ್ಟರೆ ಹೆಚ್ಚು.

ಎಲ್ಲರ ಕಣ್ಣು ಮೊದಲು ಬೀಳುವ ಪೆಟ್ಟಿಗೆಯಲ್ಲಿ ಮೂರು ಅಂಕಿ: ಒಟ್ಟು ಸೈಟೇಶನ್ (ಬೇರೆ ಪೇಪರ್‌ಗಳಲ್ಲಿ ಬಂದ ಉಲ್ಲೇಖ), ಎಚ್-ಇಂಡೆಕ್ಸ್ (ಇದು 7 ಎಂದರೆ ತಲಾ 7 ಅಥವಾ ಹೆಚ್ಚು ಸೈಟೇಶನ್ ಬಂದ 7 ಪೇಪರ್‌ಗಳಿವೆ ಎಂದರ್ಥ), ಐ10-ಇಂಡೆಕ್ಸ್. ಒಂದು ಲೆಕ್ಕ ಮಾಡಿ ನೋಡಿ. ಒಬ್ಬರ 12 ಪೇಪರ್‌ಗಳಿಗೆ ಬಂದ ಸೈಟೇಶನ್ 410, 96, 58, 31, 22, 14, 9, 7, 7, 4, 1, 0 ಎಂದಿಟ್ಟುಕೊಳ್ಳಿ. ಒಟ್ಟು 659. ಏಳನೆಯ ಪೇಪರ್‌ಗೆ 9 ಇದೆ, ಎಂಟನೆಯದಕ್ಕೆ 7 ಮಾತ್ರ, ಹಾಗಾಗಿ ಎಚ್-ಇಂಡೆಕ್ಸ್ 7. ಹತ್ತು ಮುಟ್ಟಿದವು 6, ಅದೇ ಐ10. ಆ 410ರದ್ದು ನೂರಾರು ಲೇಖಕರ ಚಿಕಿತ್ಸಾ ಮಾರ್ಗಸೂಚಿಯಾಗಿದ್ದು, ಇವರ ಹೆಸರು ನಡುವೆಲ್ಲೋ ಇದ್ದರೆ? ಅದನ್ನು ತೆಗೆದುಬಿಡಿ: ಒಟ್ಟು 249ಕ್ಕೆ ಕುಸಿಯುತ್ತದೆ, ಎಚ್-ಇಂಡೆಕ್ಸ್ ಮಾತ್ರ ಅಲ್ಲಾಡದೆ 7ರಲ್ಲೇ ನಿಲ್ಲುತ್ತದೆ. ಭೌತವಿಜ್ಞಾನಿ ಹಿರ್ಷ್ 2005ರಲ್ಲಿ ಈ ಅಳತೆ ಸೂಚಿಸಿದ್ದರ ಲಾಭ ಇದೇ. ಆದರೆ ಯಾರು ಕೆಲಸ ಮಾಡಿದರು ಎಂಬುದನ್ನು ಇದೂ ಹೇಳುವುದಿಲ್ಲ. ಈ ಕ್ಷೇತ್ರದಲ್ಲಿ ಸಾಮಾನ್ಯವಾಗಿ ಮೊದಲ ಹೆಸರು ಕೆಲಸ ಮಾಡಿದವರದ್ದು, ಕೊನೆಯದು ಲ್ಯಾಬ್ ನಡೆಸುವವರದ್ದು. ಸ್ಕಾಲರ್ ಪಟ್ಟಿಯಲ್ಲಿ ಉದ್ದದ ಹೆಸರುಸಾಲು ಮೂರು ಚುಕ್ಕಿಗಳಲ್ಲಿ ಮುಗಿದುಹೋಗುತ್ತದೆ. ನಿಮಗೆ ಬೇಕಾದ ಹೆಸರು ಆ ಚುಕ್ಕಿಗಳೊಳಗೇ ಅಡಗಿರಬಹುದು, ಆದ್ದರಿಂದ ಮೇಲಿನ ಹತ್ತು ಪೇಪರ್‌ಗಳನ್ನಾದರೂ ಒಂದೊಂದಾಗಿ ತೆರೆಯಿರಿ.

ದೊಡ್ಡ ದೋಷ ಹೆಸರಿನ ಗೊಂದಲ. ಪ್ರೊಫೈಲ್ ತಾನಾಗಿಯೇ ಪೇಪರ್ ಸೇರಿಸಿಕೊಳ್ಳುವಂತೆ ಬಿಟ್ಟಿದ್ದರೆ, ಅದೇ ಇನಿಶಿಯಲ್, ಅದೇ ಅಡ್ಡಹೆಸರಿನ ಇನ್ನೊಬ್ಬರ ಕೆಲಸ ಬಂದು ಕೂರುತ್ತದೆ. ಪತ್ತೆ ಮಾಡುವುದು ಸುಲಭ: ಪಟ್ಟಿಯನ್ನು ವರ್ಷದ ಪ್ರಕಾರ ಜೋಡಿಸಿ ತಳದ ತನಕ ಇಳಿಯಿರಿ. ಪಿಎಚ್‌ಡಿಗೂ ಹದಿನೈದು ವರ್ಷ ಹಿಂದಿನ ಪೇಪರ್, ರೋಗನಿರೋಧಕಶಾಸ್ತ್ರದ ನಡುವೆ ಕಾಂಕ್ರೀಟ್ ಕುರಿತದ್ದು ಕಂಡರೆ ಅಲ್ಲೇ ಸಿಕ್ಕಿತು. ಪ್ರೊಫೈಲ್ ನಿಮ್ಮದೇ ಆಗಿದ್ದರೆ ಸೆಟ್ಟಿಂಗ್‌ನಲ್ಲಿ ‘ಮೊದಲು ಇಮೇಲ್‌ನಲ್ಲಿ ಕೇಳು’ ಎಂಬ ಆಯ್ಕೆ ಹಾಕಿ, ಬೇಡದ್ದನ್ನು ಟಿಕ್ ಮಾಡಿ ಅಳಿಸಿ. ಪ್ರಿಪ್ರಿಂಟ್ (ಜರ್ನಲ್‌ನಲ್ಲಿ ಬರುವ ಮುನ್ನ ಹಾಕಿದ ಕರಡು) ಮತ್ತು ಜರ್ನಲ್ ಆವೃತ್ತಿ ಬೇರೆಬೇರೆಯಾಗಿ ಬಿದ್ದಿದ್ದರೆ ಎರಡಕ್ಕೂ ಟಿಕ್ ಹಾಕಿ ಮರ್ಜ್ ಮಾಡಿ, ಅಂದರೆ ಒಂದಾಗಿಸಿ; ಇಲ್ಲವಾದರೆ ಸೈಟೇಶನ್ ಹಂಚಿಹೋಗಿ ಎಚ್-ಇಂಡೆಕ್ಸ್ ಒಂದೆರಡು ಕಡಿಮೆ ತೋರಬಹುದು. ಅಂಕಿಯ ಪಕ್ಕ ನಕ್ಷತ್ರ ಚಿಹ್ನೆ ಇದ್ದರೆ ಅದರಲ್ಲಿ ಬೇರೆ ಪೇಪರ್‌ನ ಸೈಟೇಶನ್ ಬೆರೆತಿರಬಹುದು ಎಂದು ಸ್ಕಾಲರೇ ಎಚ್ಚರಿಸುತ್ತಿದೆ.

ಸ್ಕಾಲರ್ ಅಂಕಿ ಸಾಮಾನ್ಯವಾಗಿ ಸ್ಕೋಪಸ್‌ಗಿಂತ ಹೆಚ್ಚು. ಥೀಸಿಸ್, ಪ್ರಿಪ್ರಿಂಟ್, ಪುಸ್ತಕ, ವರದಿ, ಕಣ್ಣಿಗೆ ಬಿದ್ದದ್ದನ್ನೆಲ್ಲ ಅದು ಎಣಿಸುತ್ತದೆ. ಮೋಸಕ್ಕೂ ಅಲ್ಲೇ ಬಾಗಿಲು: ಸಿರಿಲ್ ಲಬೆ ಎಂಬ ಕಂಪ್ಯೂಟರ್ ವಿಜ್ಞಾನಿ 2010ರಲ್ಲಿ ಐಕ್ ಅಂಟ್ಕೇರ್ ಎಂಬ ಇಲ್ಲದ ಲೇಖಕನನ್ನು ಸೃಷ್ಟಿಸಿ, ತಂತ್ರಾಂಶ ಗೀಚಿದ ಅರ್ಥವಿಲ್ಲದ ಪೇಪರ್‌ಗಳನ್ನು ಒಂದಕ್ಕೊಂದು ಉಲ್ಲೇಖಿಸುವಂತೆ ಮಾಡಿ, ಆತನ ಎಚ್-ಇಂಡೆಕ್ಸನ್ನು 94ಕ್ಕೆ ಏರಿಸಿ ತೋರಿಸಿದ. ಸ್ವಂತ ಉಲ್ಲೇಖಗಳನ್ನು ಕಳೆದು ನೋಡುವ ಗುಂಡಿ ಪ್ರೊಫೈಲ್‌ನಲ್ಲಿ ಇಲ್ಲ. ಸ್ಕೋಪಸ್‌ನಲ್ಲಿ ಇದೆ. ತಪ್ಪು ಅಥವಾ ಮೋಸ ಕಂಡು ಜರ್ನಲ್ ಹಿಂಪಡೆದ ಪೇಪರ್‌ಗಳೂ ಪಟ್ಟಿಯಲ್ಲಿ ಮಾಮೂಲಿನಂತೆ ಇರುತ್ತವೆ. ವೈದ್ಯಕೀಯ ಪೇಪರ್‌ಗಳ ಉಚಿತ ಪಟ್ಟಿಯಾದ ಪಬ್‌ಮೆಡ್‌ನಲ್ಲಿ ಶೀರ್ಷಿಕೆ ಹಾಕಿದರೆ ಹಿಂಪಡೆದ ಸೂಚನೆ ಎದ್ದು ಕಾಣುತ್ತದೆ.

ಇನ್ನು, ಯಾವ ಬಗೆಯ ಪೇಪರ್ ಎಂಬುದೂ ಮುಖ್ಯ. ಪ್ರೋಟೀನ್ ಅಳೆಯುವ ವಿಧಾನದ ಬಗ್ಗೆ ಲೌರಿ ತಂಡ 1951ರಲ್ಲಿ ಪ್ರಕಟಿಸಿದ ಪೇಪರ್‌ಗೆ ಮೂರು ಲಕ್ಷಕ್ಕೂ ಹೆಚ್ಚು ಸೈಟೇಶನ್ ಇವೆ. ಲ್ಯಾಬಿನಲ್ಲಿ ಆ ವಿಧಾನ ಬಳಸಿದವರೆಲ್ಲ ಅದನ್ನು ಹೆಸರಿಸಿದ್ದಾರೆ, ಅಷ್ಟೆ. ವಿಮರ್ಶಾ ಲೇಖನಗಳಿಗೂ ಹಾಗೆಯೇ ಹೆಚ್ಚು ಬರುತ್ತವೆ. ಕ್ಷೇತ್ರಕ್ಕೆ ತಕ್ಕ ಹೋಲಿಕೆ ಬೇಕಾದರೆ ಪೇಪರ್‌ಗಳ ಪಬ್‌ಮೆಡ್ ಸಂಖ್ಯೆಗಳನ್ನು ಅಮೆರಿಕದ ಸರ್ಕಾರಿ ವೈದ್ಯಕೀಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ ಉಚಿತ ಐಸೈಟ್ ತಾಣದಲ್ಲಿ ಅಂಟಿಸಿ. ಅದು ಕೊಡುವ ಆರ್‌ಸಿಆರ್ (ಕ್ಷೇತ್ರಕ್ಕೆ ಹೋಲಿಸಿದ ಸೈಟೇಶನ್ ಅನುಪಾತ) 1.0 ಆದರೆ ಎನ್‌ಐಎಚ್ ನೆರವಿನ ಪೇಪರ್‌ಗಳ ಮಧ್ಯಮಟ್ಟ, 2.0 ಆದರೆ ಅದರ ಎರಡರಷ್ಟು.

ಕೆಲಸ ಅಥವಾ ಅನುದಾನದ ಅರ್ಜಿಯಲ್ಲಿ ಸ್ಕಾಲರ್ ಅಂಕಿಯನ್ನೇ ಹಾಕುವುದಾದರೆ ಮೂಲದ ಹೆಸರು, ನೋಡಿದ ದಿನಾಂಕ ಎರಡನ್ನೂ ಪಕ್ಕದಲ್ಲೇ ಬರೆಯಿರಿ. ನಕಲು ದಾಖಲೆಗಳನ್ನು ಸ್ಕಾಲರ್ ತೆಗೆದುಹಾಕಿದಾಗ ಅಂಕಿ ಕೆಳಗೂ ಇಳಿಯುತ್ತದೆ.